ಜಪಾನ್ ಕಾರಿನ ಇಸವಿ: ಮಾರುವವನ ಮಾತು ಬಿಡಿ, ಚಾಸಿ ನಂಬರ್ ನೋಡಿ

ನ್ಯೂಜಿಲೆಂಡ್, ಕೀನ್ಯಾ ಕಡೆ ಇರುವ ನಮ್ಮವರು ಜಪಾನಿನಿಂದ ಬಂದ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗ ಮೊದಲು ಕೇಳುವುದೇ "ಯಾವ ಇಸವಿದು?" ಅಂತ. ಉತ್ತರವಾಗಿ ಸಿಗುವ ಇಸವಿ ಬಹುತೇಕ ಜಪಾನಿನಲ್ಲಿ ಮೊದಲ ಸಲ ರಿಜಿಸ್ಟರ್ ಆದದ್ದು, ಫ್ಯಾಕ್ಟರಿಯಿಂದ ಹೊರಬಿದ್ದದ್ದಲ್ಲ. ಎರಡರ ನಡುವೆ ಕೆಲವು ವಾರ ಇರಬಹುದು. ಷೋರೂಮಿನಲ್ಲಿ ಕೊಳೆತ ಗಾಡಿಯಾದರೆ ವರ್ಷವೂ ದಾಟಬಹುದು.

ಕಾರು ಜಪಾನ್ ಬಿಡುವಾಗ ಕೊಡುವ ಎಕ್ಸ್‌ಪೋರ್ಟ್ ಸರ್ಟಿಫಿಕೇಟಿನಲ್ಲಿ ತಾರೀಕು ಜಪಾನೀ ಶಕೆಯಲ್ಲಿ, ಅಂದರೆ ಚಕ್ರವರ್ತಿಯ ಆಳ್ವಿಕೆಯ ವರ್ಷದಲ್ಲಿರುತ್ತದೆ. ಶಕೆಯ ಹೆಸರು ಹೈಸೆಯ್ ಆದರೆ 1988 ಕೂಡಿಸಿ, ರೇವಾ ಆದರೆ 2018. ಹೈಸೆಯ್ 27 ಅಂದರೆ 2015. ಎಡವುವುದು 2019ರಲ್ಲಿ: ಏಪ್ರಿಲ್ ಕೊನೆಯವರೆಗೆ ಹೈಸೆಯ್ 31, ಮೇ 1ರಿಂದ ರೇವಾ 1. ಇಷ್ಟು ಮಾಡಿದರೂ ಸಿಕ್ಕಿದ್ದು ರಿಜಿಸ್ಟ್ರೇಷನ್ ತಿಂಗಳು ಮಾತ್ರ.

ತಯಾರಾದ ತಿಂಗಳು ಬೇಕಿದ್ದರೆ ಕಾರಿನ ಮೈಮೇಲೆ ಕೊರೆದಿರುವ ಚಾಸಿ ನಂಬರೇ ಗತಿ. ಜಪಾನಿನ ಒಳ ಮಾರುಕಟ್ಟೆಯ ಕಾರಿಗೆ ಬೇರೆ ದೇಶಗಳ ಕಾರಿನಂತೆ 17 ಅಕ್ಷರದ ನಂಬರ್ ಇರುವುದಿಲ್ಲ. ಮಾಡೆಲ್ ಕೋಡ್, ಒಂದು ಅಡ್ಡಗೆರೆ, ಆಮೇಲೆ ಸರಣಿ ಸಂಖ್ಯೆ, ಅಷ್ಟೇ. ಕೊರೊಲಾ ಆಕ್ಸಿಯೊದಲ್ಲಾದರೆ "ಎನ್‌ಝಡ್‌ಇ141-" ಅಂತ ಶುರು. ಇದರಲ್ಲಿ ಇಸವಿಯ ಅಕ್ಷರವೇ ಇಲ್ಲ, ಹಾಗಾಗಿ ಹತ್ತನೇ ಅಕ್ಷರ ನೋಡಿ ಇಸವಿ ಹೇಳುವ ಆನ್‌ಲೈನ್ ಪುಟಗಳಿಗೆ ಇದನ್ನು ಹಾಕಿ ಪ್ರಯೋಜನವಿಲ್ಲ. ಪೂರ್ತಿ ನಂಬರನ್ನು ಆ ಕಂಪನಿಯ ಬಿಡಿಭಾಗಗಳ ಕ್ಯಾಟಲಾಗಿಗೆ ಹಾಕಬೇಕು. ಟೊಯೊಟಾದ್ದಾದರೆ ಇಸವಿ, ತಿಂಗಳು ಎರಡೂ ಬರುತ್ತವೆ. ನಂಬರನ್ನು ಕಾಗದದಿಂದ ನಕಲು ಮಾಡಬೇಡಿ. ಬಾನೆಟ್ ಎತ್ತಿ ಇಂಜಿನ್ ಹಿಂದಿನ ಗೋಡೆಯ ಮೇಲೋ, ಮುಂದಿನ ಸೀಟಿನ ಕೆಳಗೆ ಕಾರ್ಪೆಟ್ ಸರಿಸಿಯೋ ಕೊರೆದದ್ದನ್ನೇ ಓದಿ, ಕಂಪನಿ ಕಾರಿಗೆ ಹಾಕಿದ ಮಾಹಿತಿ ಪ್ಲೇಟಿನ ಜೊತೆ ತಾಳೆ ನೋಡಿ.

ಇನ್ನು ಸಾಕ್ಷಿಗಳು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದರೆ ಬುಡದಲ್ಲೊಂದು ಬಟ್ಟೆಯ ಚೀಟಿ ಇರುತ್ತದೆ, ತಯಾರಿಕೆಯ ಇಸವಿ ಸಾಮಾನ್ಯವಾಗಿ ಅದರಲ್ಲೇ. ಪ್ಲಾಸ್ಟಿಕ್ ಭಾಗಗಳ ಹಿಂಬದಿಯಲ್ಲಿ ಗಡಿಯಾರದಂಥ ಅಚ್ಚು: ನಡುವೆ ಇಸವಿ, ಬಾಣದ ಮೊನೆ ತಿಂಗಳಿನತ್ತ. ಗಾಜಿನ ಮೇಲಿನ ಅಂಕಿ, ಚುಕ್ಕಿಗಳನ್ನು ಒಬ್ಬೊಬ್ಬ ತಯಾರಕ ಒಂದೊಂದು ರೀತಿ ಹಾಕುವುದರಿಂದ ಅದೊಂದನ್ನೇ ನೆಚ್ಚಬೇಡಿ. ಆದರೆ ನಾಲ್ಕು ಬಾಗಿಲಲ್ಲಿ ಒಂದರ ಗುರುತು ಬೇರೆಯಿದ್ದರೆ ಆ ಗಾಜು ಬದಲಾಗಿರಬಹುದು. ಟೈರಿನ "2315" ಅಂದರೆ 2015ರ 23ನೇ ವಾರ. ಓಡುವ ಟೈರು ಬದಲಾಗಿರುತ್ತದೆ, ಡಿಕ್ಕಿಯ ಸ್ಟೆಪ್ನಿ ನೋಡಿ.

ಫ್ಯಾಕ್ಟರಿಯಲ್ಲೇ ಹಾಕಿದ ಬಿಡಿಭಾಗ ಯಾವಾಗಲೂ ಕಾರಿಗಿಂತ ಮೊದಲು ತಯಾರಾಗಿರುತ್ತದೆ, ಸಾಮಾನ್ಯವಾಗಿ ಸ್ವಲ್ಪವೇ ಮೊದಲು. ಎಲ್ಲ ಚೀಟಿಗಳೂ 2015ರ ಆರಂಭ ಅಂದು, ರಿಜಿಸ್ಟ್ರೇಷನ್ 2016ರ ಕೊನೆಗಿದ್ದರೆ ಗಾಡಿ ನಿಂತೇ ಇತ್ತು. ದರ ಇಳಿಸಿ ಕೇಳಿ. ಅದೇ ಬೆಲ್ಟುಗಳೆಲ್ಲ ಕಾರಿಗಿಂತ ಹೊಸವಾಗಿದ್ದರೆ ಡಿಕ್ಕಿಯಾಗಿ ಏರ್‌ಬ್ಯಾಗ್ ತೆರೆದಿತ್ತೋ ಏನೋ ಅಂತ ಅನುಮಾನಪಡಲೇಬೇಕು.

ಆಮದಿಗೆ ಕಾರಿನ ವಯಸ್ಸಿನ ಎಣಿಕೆಯೂ ದೇಶಕ್ಕೊಂದು. 25 ವರ್ಷ ದಾಟಿದ ಕಾರಿಗೆ ಅಮೆರಿಕ ಕೊಡುವ ಸುರಕ್ಷತಾ ನಿಯಮಗಳ ವಿನಾಯಿತಿ ತಯಾರಾದ ತಿಂಗಳಿಂದ. ಭಾರತದಲ್ಲಿ ಹಳೇ ಕಾರಿನ ಆಮದಿಗಿರುವ ಮೂರು ವರ್ಷದ ಮಿತಿಯೂ ತಯಾರಿಕೆಯಿಂದಲೇ. ಕೀನ್ಯಾ ತನ್ನ ಎಂಟು ವರ್ಷದ ಆಮದು ಮಿತಿಯನ್ನು ಮೊದಲ ರಿಜಿಸ್ಟ್ರೇಷನ್‌ನಿಂದ ಎಣಿಸುತ್ತದೆ. ಯಾವ ದೇಶಕ್ಕಾದರೂ ಸರಿ, ಅಡ್ವಾನ್ಸ್ ಕೊಡುವ ಮೊದಲು ಕೊರೆದ ನಂಬರಿನ ಫೋಟೋ ತರಿಸಿಕೊಳ್ಳಿ. ಕಳಿಸಲು ಸತಾಯಿಸುವವನ ಹತ್ತಿರ ವ್ಯಾಪಾರ ಬೇಡ.