ಪ್ರಯೋಗಾಲಯದಲ್ಲಿ ಬೆಳೆದ ಮಿದುಳು: ರೋಗ ಸಂಶೋಧನೆಗೆ ಬೇಕೇ, ಬೇಡವೇ?

ಪರ

ಲಿವರಿಗೆ ಕಾಯಿಲೆ ಬಂದರೆ ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಬದುಕಿರುವವರ ಮಿದುಳಿನಿಂದ ಹಾಗೆ ಬೇಕೆಂದಾಗ ತೆಗೆಯಲು ಬರುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ದಾನವಾಗಿ ಬಂದ ಮಿದುಳುಗಳ ಸಂಗ್ರಹವಿದೆ, ಅದರಿಂದ ಕಲಿತದ್ದೂ ಬಹಳ. ಆದರೆ ಸತ್ತ ಮೇಲೆ ಸಿಗುವ ಮಿದುಳಿನಲ್ಲಿ ಕಾಣುವುದು ಕಾಯಿಲೆ ಮಾಡಿ ಮುಗಿಸಿದ ಹಾನಿ. ಅದು ಎಲ್ಲಿ, ಹೇಗೆ ಶುರುವಾಯಿತೆಂದು ಅಲ್ಲಿ ಕಾಣುವುದಿಲ್ಲ. ಇನ್ನು ಇಲಿಗಳು. ಆಲ್‌ಝೈಮರ್ಸ್ ವಾಸಿಯಾದ ಇಲಿಗಳಿಗೇನೂ ಬರವಿಲ್ಲ; ಅದೇ ಔಷಧಿಗಳಲ್ಲಿ ಹೆಚ್ಚಿನವು ಮನುಷ್ಯರಲ್ಲಿ ಒಂದರ ಹಿಂದೊಂದು ಸೋತಿವೆ.

ಜಪಾನಿನ ಶಿನ್ಯಾ ಯಮನಾಕ 2006ರಲ್ಲಿ ಇಲಿಯ, ಮರುವರ್ಷ ಮನುಷ್ಯರ ಚರ್ಮದ ಕೋಶಗಳನ್ನು ಯಾವ ಅಂಗವಾಗಿ ಬೇಕಾದರೂ ಬೆಳೆಯಬಲ್ಲ ಕಾಂಡಕೋಶಗಳನ್ನಾಗಿ ಮಾಡಿದರು. 2013ರಲ್ಲಿ ವಿಯೆನ್ನಾದ ಮ್ಯಾಡಲಿನ್ ಲ್ಯಾಂಕಾಸ್ಟರ್ ಮತ್ತು ಯೂರ್ಗೆನ್ ಕ್ನೋಬ್ಲಿಕ್ ತಂಡ ಅಂಥ ಕೋಶಗಳನ್ನು ಜೆಲ್ ಹನಿಯಲ್ಲಿ ಹುದುಗಿಸಿ ಬೆಳೆಸಿತು. ಸುಮಾರು 4 ಮಿಲಿಮೀಟರ್ ದಪ್ಪದ, ಮಿದುಳಿನ ಪದರಗಳನ್ನು ಹೋಲುವ ಉಂಡೆಗಳು ಬಂದವು. ಇವೇ ಆರ್ಗನಾಯ್ಡ್‌ಗಳು. ಹುಟ್ಟಿನಿಂದಲೇ ತಲೆ ತೀರ ಚಿಕ್ಕದಾಗಿದ್ದ ಒಬ್ಬ ರೋಗಿಯ ಕೋಶಗಳಿಂದಲೂ ಅವರು ಉಂಡೆ ಬೆಳೆಸಿದರು. ಆ ರೋಗಿಯಲ್ಲಿದ್ದ ಜೀನ್ ದೋಷವನ್ನು ಇಲಿಯಲ್ಲಿ ತಂದರೆ ಮನುಷ್ಯರಲ್ಲಿ ಆಗುವಷ್ಟು ತೊಂದರೆ ಕಾಣುವುದಿಲ್ಲ. ಉಂಡೆಯಲ್ಲಿ ಕಾರಣ ಕಂಡಿತು: ಇನ್ನೂ ಎಷ್ಟೋ ಸಲ ಇಬ್ಭಾಗವಾಗಿ ಹೆಚ್ಚಬೇಕಿದ್ದ ಮೂಲಕೋಶಗಳು ಅವಧಿಗೆ ಮುಂಚೆಯೇ ನರಕೋಶಗಳಾಗಿಬಿಡುತ್ತಿದ್ದವು. ಬೀಜಕ್ಕೆಂದು ತೆಗೆದಿಟ್ಟ ಕಾಳನ್ನೇ ಬೇಯಿಸಿ ಉಂಡಂತೆ.

ಬ್ರೆಜಿಲ್‌ನಲ್ಲಿ ಝೀಕಾ ಹರಡಿ ಶಿಶುಗಳು ಚಿಕ್ಕ ತಲೆಯೊಂದಿಗೆ ಹುಟ್ಟಿದಾಗ, ತಪ್ಪು ಆ ವೈರಸ್ಸಿನದೇ ಎಂಬುದು ಮೊದಲು ಬರೀ ಅನುಮಾನವಾಗಿತ್ತು. 2016ರಲ್ಲೇ ಉತ್ತರ ಸಿಕ್ಕಿತು. ಆರ್ಗನಾಯ್ಡ್‌ಗಳಿಗೆ ವೈರಸ್ ತಗುಲಿಸಿದಾಗ ಅದು ಈ ಮೂಲಕೋಶಗಳನ್ನೇ ಹುಡುಕಿ ಕೊಲ್ಲುವುದು ಕಾಣಿಸಿತು. ಗರ್ಭಿಣಿಯ ಮೇಲೆ ಮಾಡಲಾಗದ ಪರೀಕ್ಷೆ ಅದು. (2022ರ ಡಿಸೆಂಬರಿನಲ್ಲಿ ನಮ್ಮ ರಾಯಚೂರಿನಲ್ಲೂ ಝೀಕಾ ಪತ್ತೆಯಾಗಿತ್ತು, ನೆನಪಿರಲಿ.)

ಬರೀ ಕಾರಣ ಹುಡುಕುವುದರಲ್ಲೇ ಇದು ನಿಂತಿಲ್ಲ. ಟಿಮೊಥಿ ಸಿಂಡ್ರೋಮ್ ಎಂಬ ಅಪರೂಪದ ಕಾಯಿಲೆಯಿದೆ; ಮಕ್ಕಳಿಗೆ ಹೃದಯದ ಬಡಿತ ತಪ್ಪುತ್ತದೆ, ಆಟಿಸಂ, ಮೂರ್ಛೆ ಬರುತ್ತದೆ. ಸ್ಟ್ಯಾನ್‌ಫರ್ಡ್‌ನ ಸೆರ್ಜಿಯು ಪಾಷ್ಕ ತಂಡ 2024ರಲ್ಲಿ, ಈ ದೋಷವನ್ನು ಸರಿಪಡಿಸುವ ಜೀನ್ ಔಷಧಿಯೊಂದನ್ನು ರೋಗಿಗಳ ಕೋಶಗಳಿಂದ ಬೆಳೆಸಿದ ಅಂಗಾಂಶದಲ್ಲಿ ಪರೀಕ್ಷಿಸಿ ಗೆದ್ದಿತು. ಇಷ್ಟು ವಿರಳ ಕಾಯಿಲೆಗೆ ಔಷಧಿ ಹುಡುಕಲು ಬೇರೆ ದಾರಿ ಯಾವುದಿತ್ತು?

ಬೆಂಗಳೂರಿನಲ್ಲೂ ನಿಮ್ಹಾನ್ಸ್ ಹಾಗೂ ಜೀವವಿಜ್ಞಾನ ಸಂಶೋಧನಾ ಸಂಸ್ಥೆಗಳಾದ ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್ ಸೇರಿ, ಒಂದೇ ಕುಟುಂಬದಲ್ಲಿ ಹಲವರಿಗೆ ತೀವ್ರ ಮಾನಸಿಕ ಕಾಯಿಲೆಯಿರುವ ಮನೆಗಳವರಿಂದ ರಕ್ತ ಪಡೆದು ಕಾಂಡಕೋಶ ತಯಾರಿಸಿವೆ. ನಮ್ಮ ಜನರ ಕಾಯಿಲೆಯನ್ನು ನಮ್ಮ ಜನರ ಕೋಶದಲ್ಲೇ ನೋಡುವ ಕೆಲಸವಿದು. ಔಷಧಿ ಪರೀಕ್ಷೆಯ ನಿಯಮಗಳನ್ನು 2023ರಲ್ಲಿ ತಿದ್ದಿದ ಕೇಂದ್ರ ಸರ್ಕಾರ, ಪ್ರಾಣಿಗಳ ಬದಲು ಆರ್ಗನಾಯ್ಡ್‌ನಂಥ ವಿಧಾನಗಳಿಗೂ ದಾರಿ ಬಿಟ್ಟಿದೆ. ಕಣ್ಣಿಲ್ಲದ, ಕಿವಿಯಿಲ್ಲದ, ದೇಹವೇ ಇಲ್ಲದ ಕಾಳಿನಷ್ಟು ಅಂಗಾಂಶಕ್ಕೆ ನೋವಾದೀತೆಂದು ಇದನ್ನು ತಡೆದರೆ, ನೋವಿನಲ್ಲಿರುವ ಮನುಷ್ಯರಿಗೆ ಏನು ಹೇಳೋಣ?

ವಿರೋಧ

ಮೇಲಿನವರು ಎಣಿಸಿದ ಗೆಲುವುಗಳನ್ನು ಇನ್ನೊಮ್ಮೆ ನೋಡಿ. ಚಿಕ್ಕ ತಲೆ, ಝೀಕಾ, ಟಿಮೊಥಿ. ಎಲ್ಲವೂ ಗರ್ಭದಲ್ಲೇ ಶುರುವಾಗುವಂಥವು. ಆಲ್‌ಝೈಮರ್ಸ್ ಹೆಸರು ಹೇಳಿ ಮಾತು ತೆಗೆದವರು ಮತ್ತೆ ಅತ್ತ ತಿರುಗಲೇ ಇಲ್ಲ.

ಅದಕ್ಕೆ ಕಾರಣವಿದೆ. ಎಪ್ಪತ್ತು ವರ್ಷದ ಅಜ್ಜಿಯ ಚರ್ಮದಿಂದ ಕಾಂಡಕೋಶ ಮಾಡಿದಾಗ ವಯಸ್ಸಿನ ಗುರುತುಗಳು ಬಹುಮಟ್ಟಿಗೆ ಅಳಿಸಿಹೋಗುತ್ತವೆ. ಅದರಿಂದ ಬೆಳೆಯುವುದು ಭ್ರೂಣದ ಮಿದುಳನ್ನು ಹೋಲುವ ಅಂಗಾಂಶ; ಮುಪ್ಪಿನ ಕಾಯಿಲೆಯನ್ನು ಅದರಲ್ಲಿ ಹೇಗೆ ಹುಡುಕುತ್ತೀರಿ? ರಕ್ತನಾಳಗಳಿಲ್ಲದ್ದರಿಂದ ಉಂಡೆಯ ನಡುಭಾಗ ಆಮ್ಲಜನಕ ಸಿಗದೆ ಸಾಯುತ್ತದೆ. ಒತ್ತಡದಲ್ಲಿ ಬೆಳೆಯುವ ಈ ಕೋಶಗಳು ನಿಜವಾದ ಮಿದುಳಿನ ಕೋಶಗಳಂತೆ ಸ್ಪಷ್ಟ ಬಗೆಗಳಾಗಿ ಬೇರ್ಪಡುವುದಿಲ್ಲವೆಂದು ಸ್ಯಾನ್ ಫ್ರಾನ್ಸಿಸ್ಕೋದ ಸಂಶೋಧಕರೇ 2020ರಲ್ಲಿ ತೋರಿಸಿದರು.

ಸರಿಪಡಿಸೋಣ ಎನ್ನುತ್ತಾರೆ: ರಕ್ತನಾಳ ಸೇರಿಸೋಣ, ಬೇರೆ ಬೇರೆ ಭಾಗಗಳನ್ನು ಜೋಡಿಸೋಣ, ಇನ್ನಷ್ಟು ಕಾಲ ಬೆಳೆಸೋಣ. ನನ್ನ ತಕರಾರು ಇಲ್ಲೇ. ಇದು ನಿಜವಾದ ಮಿದುಳಿನಂತಿಲ್ಲ, ಆದ್ದರಿಂದ ತಪ್ಪಿಲ್ಲ ಎಂದು ಒಂದು ಬಾಯಿ. ನಿಜವಾದ ಮಿದುಳಿನಂತಾದಷ್ಟೂ ಉಪಯೋಗ ಎಂದು ಇನ್ನೊಂದು ಬಾಯಿ. ಉಪಯೋಗ ಏರಿದ ಹಾಗೆಲ್ಲ ಅನುಮತಿಯ ಆಧಾರ ಕುಸಿಯುತ್ತದೆ.

ಇಂದಿನ ಉಂಡೆಗಳಿಗೆ ನೋವಿನ ಅರಿವಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಸ್ಯಾನ್ ಡಿಯೇಗೋದಲ್ಲಿ ಆಲಿಸನ್ ಮೂಟ್ರಿ ತಂಡ ಹಲವು ತಿಂಗಳು ಬೆಳೆಸಿದ ಆರ್ಗನಾಯ್ಡ್‌ಗಳಲ್ಲಿ, ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಇಇಜಿಯನ್ನು (ಮಿದುಳಿನ ವಿದ್ಯುತ್ ಅಲೆಗಳ ದಾಖಲೆ) ಕೆಲಮಟ್ಟಿಗೆ ಹೋಲುವ ವಿದ್ಯುತ್ ತರಂಗಗಳು 2019ರಲ್ಲೇ ಕಂಡವು. 2022ರಲ್ಲಿ ಪಾಷ್ಕ ಅವರ ತಂಡವೇ ಎಳೆ ಇಲಿಗಳ ಮಿದುಳಿಗೆ ಮಾನವ ಅಂಗಾಂಶ ನಾಟಿ ಮಾಡಿತು. ಇಲಿಯ ಮೀಸೆ ಮುಟ್ಟಿದರೆ ಮನುಷ್ಯರ ನರಕೋಶ ಸ್ಪಂದಿಸುತ್ತಿತ್ತು. ಮೇಲಿನವರು ಕೊಂಡಾಡಿದ ಟಿಮೊಥಿ ಔಷಧಿಯ ಪರೀಕ್ಷೆ ಇಂಥ ಇಲಿಗಳಲ್ಲೂ ನಡೆದಿತ್ತು, ಅದನ್ನು ಅವರು ಹೇಳಲಿಲ್ಲ. "ದೇಹವೇ ಇಲ್ಲ" ಎಂಬ ಸಮಾಧಾನ ಅಲ್ಲಿಗೆ ಮುಗಿಯಿತಲ್ಲ! ಪ್ರಯೋಗಾಲಯದಲ್ಲಿ ಮಾನವ ಭ್ರೂಣವನ್ನು 14 ದಿನ ಮೀರಿ ಬೆಳೆಸಬಾರದೆಂದು ನಮ್ಮ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮಾರ್ಗಸೂಚಿ ಹೇಳುತ್ತದೆ. ಆರ್ಗನಾಯ್ಡ್‌ಗೆ ಅಂಥ ದಿನದ ಲೆಕ್ಕವಿಲ್ಲ.

ಇನ್ನು ಒಪ್ಪಿಗೆಯ ವಿಷಯ. ಅಮೆರಿಕದ ಕ್ಯಾನ್ಸರ್ ರೋಗಿ ಹೆನ್ರಿಯೆಟಾ ಲ್ಯಾಕ್ಸ್ ಅವರ ಕೋಶಗಳನ್ನು 1951ರಲ್ಲಿ ಹೇಳದೆ ಕೇಳದೆ ತೆಗೆದುಕೊಂಡರು. ಈಗ ಸಹಿ ಹಾಕಿಸಿಕೊಳ್ಳುತ್ತಾರೆ, ನಿಜ. ಆದರೆ ಯಾವುದಕ್ಕೆ? ಮೆಲ್ಬರ್ನ್‌ನ ಕಾರ್ಟಿಕಲ್ ಲ್ಯಾಬ್ಸ್ ಕಂಪನಿ 2022ರಲ್ಲಿ ತಟ್ಟೆಯಲ್ಲಿ ಬೆಳೆದ ನರಕೋಶಗಳಿಗೆ ಪಾಂಗ್ ಎಂಬ ವಿಡಿಯೊ ಆಟ ಕಲಿಸಿತು. 2025ರಲ್ಲಿ ಮಾನವ ನರಕೋಶಗಳ ಕಂಪ್ಯೂಟರನ್ನೇ ಮಾರಾಟಕ್ಕಿಟ್ಟಿತು. ಮಗನ ಕಾಯಿಲೆಗೆ ಮದ್ದು ಸಿಗಲೆಂದು ರಕ್ತ ಕೊಟ್ಟ ತಾಯಿಗೆ ಈ ಸಾಧ್ಯತೆಯನ್ನು ಯಾರಾದರೂ ಬಿಡಿಸಿ ಹೇಳಬೇಕು. ದಾನಿಗೇ ತೀವ್ರ ಮಾನಸಿಕ ಕಾಯಿಲೆಯಿದ್ದರೆ ಆ ಸಹಿಯ ಅರ್ಥವನ್ನು ಇನ್ನೂ ಎಚ್ಚರದಿಂದ ತೂಗಬೇಕು.

ಎಷ್ಟು ತಿಂಗಳು ಬೆಳೆಸಬಹುದು, ಯಾವ ಪ್ರಾಣಿಯೊಳಗೆ ಇಡಬಹುದು, ಕಂಪನಿಗೆ ಮಾರಬಹುದೇ, ದಾನಿ ಮನಸ್ಸು ಬದಲಿಸಿದರೆ ಬೆಳೆದದ್ದನ್ನು ಏನು ಮಾಡುತ್ತಾರೆ: ಇಷ್ಟು ಕಾಗದದ ಮೇಲೆ ಬರಲಿ, ಕನ್ನಡದಲ್ಲೂ ಬರಲಿ. ಅಲ್ಲಿಯವರೆಗೆ ಹೊಸ ಪ್ರಯೋಗಗಳಿಗೆ ಸಾರ್ವಜನಿಕರ ಹಣ ಕೊಡುವುದನ್ನು ನಾನು ಒಪ್ಪಲಾರೆ.