ಕಾಳಜಿ ಕೇಂದ್ರದ ಶೌಚಾಲಯ ತೊಳೆಯುವವರು ಯಾರು?

ಪ್ರತಿ ಮಳೆಗಾಲಕ್ಕೂ ಮೊದಲು ಹೊಳೆ ದಂಡೆಯ ತಾಲ್ಲೂಕುಗಳಲ್ಲಿ ಕಾಳಜಿ ಕೇಂದ್ರಗಳ, ಅಂದರೆ ನೆರೆ ಬಂದಾಗ ಮನೆ ಬಿಟ್ಟ ಜನ ಇಳಿದುಕೊಳ್ಳುವ ಜಾಗಗಳ, ಪಟ್ಟಿ ತಯಾರಾಗುತ್ತದೆ. ಯಾವ ಶಾಲೆ, ಎಷ್ಟು ಕೋಣೆ, ಎಷ್ಟು ಜನ ಹಿಡಿಯುತ್ತಾರೆ, ಅಡುಗೆಗೆ ಜಾಗ ಇದೆಯಾ, ಎಲ್ಲ ಇರುತ್ತದೆ. ಶೌಚಾಲಯದ ಮುಂದೆ ಮಾತ್ರ ಒಂದು ಸಂಖ್ಯೆ ಬರೆದು ಮುಗಿಸುತ್ತಾರೆ. ಅದನ್ನು ದಿನಾ ತೊಳೆಯುವವರು ಯಾರು, ಕರೆಂಟ್ ಹೋದರೆ ನೀರು ಎಲ್ಲಿಂದ, ಗುಂಡಿ ತುಂಬಿದರೆ ಯಾವ ಗಾಡಿ ಬರುತ್ತದೆ, ಅದರ ಬಾಡಿಗೆ ಯಾರು ಕೊಡುತ್ತಾರೆ? ಇದಕ್ಕೆಲ್ಲ ಉತ್ತರ ಇಲ್ಲದಿದ್ದರೆ ಆ ಸಂಖ್ಯೆಯ ಜಾಗದಲ್ಲಿ ಸೊನ್ನೆ ಬರೆಯಬೇಕು ಅನ್ನುವುದು ನನ್ನ ವಾದ.

2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿದಾಗ ಬಾಗಲಕೋಟೆ ಕಡೆಯ ಒಂದು ಶಾಲೆಯಲ್ಲಿ ಕೆಲಸಕ್ಕೆ ನಿಂತಿದ್ದೆ. ಅನ್ನ, ಸಾರು, ಬಿಸ್ಕತ್ತು, ಹೊದಿಕೆ ಯಾವುದಕ್ಕೂ ಕೊರತೆ ಇರಲಿಲ್ಲ. ಎಲ್ಲೆಲ್ಲಿಂದಲೋ ಗಾಡಿಗಟ್ಟಲೆ ರೊಟ್ಟಿ ಬಂದಿತ್ತು. ಆದರೆ ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿಗೆ ಚಿಲಕ ಇರಲಿಲ್ಲ, ಚಿಲಕ ಇದ್ದ ಜಾಗದಲ್ಲಿ ಒಂದು ತೂತು. ಆ ತೂತಿಗೆ ಯಾರೋ ಹಗ್ಗ ಕಟ್ಟಿದ್ದರು. ಒಳಗೆ ಹೋದವರು ಒಂದು ಕೈಯಲ್ಲಿ ಹಗ್ಗ ಎಳೆದು ಹಿಡಿಯಬೇಕು, ಇನ್ನೊಂದು ಕೈಯಲ್ಲಿ ತಂಬಿಗೆ. ರಾತ್ರಿ ಬಲ್ಬ್ ಇಲ್ಲ. ಬಯಲಿಗೆ ಹೋಗೋಣ ಅಂದರೆ ಕಬ್ಬಿನ ಗದ್ದೆಯೆಲ್ಲ ನೀರಲ್ಲಿ, ಒಣಗಿದ ಜಾಗ ಅಂದರೆ ರಸ್ತೆ ಒಂದೇ. ಒಬ್ಬ ಅಜ್ಜಿಗೆ ನೀರಿನ ಬಾಟಲಿ ಕೊಡಲು ಹೋದರೆ ಬೇಡ ಅಂದರು. "ನೀರ ಕುಡದ್ರ ಹೋಗಬೇಕಾಕ್ಕೈತಿ ತಮ್ಮಾ, ಅದಕ ಕುಡ್ಯಾಂಗಿಲ್ಲ." ಸುತ್ತ ಎಲ್ಲಿ ನೋಡಿದರೂ ನೀರು, ಆ ಅಜ್ಜಿ ಬಾಯಾರಿ ಕೂತಿದ್ದರು. ಒಂದು ಚಿಲಕ, ಒಂದು ಬಲ್ಬ್, ದಿನಕ್ಕೆ ಎರಡು ಸಲ ತೊಳೆಯುವವರು ಇದ್ದಿದ್ದರೆ ಸಾಕಿತ್ತು.

ನಿಯಮ ಇಲ್ಲ ಅಂತಲ್ಲ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಮಾರ್ಗಸೂಚಿ 30 ಜನಕ್ಕೆ ಒಂದು ಶೌಚಾಲಯ ಬೇಕು, ಅದು 50 ಮೀಟರ್ ಒಳಗೇ ಇರಬೇಕು, ಹೆಣ್ಣುಮಕ್ಕಳಿಗೆ ಬೇರೆ ಇರಬೇಕು ಅನ್ನುತ್ತದೆ. ಅಂದರೆ 500 ಜನ ಇಳಿದ ಶಾಲೆಗೆ ಕನಿಷ್ಠ 17 ಬೇಕು. ನಮ್ಮ ಎಷ್ಟು ಸರ್ಕಾರಿ ಶಾಲೆಗಳಲ್ಲಿ 17 ಶೌಚಾಲಯ ಇವೆ? ಇದ್ದ ನಾಲ್ಕೈದೂ ಮಕ್ಕಳು ಹಗಲು ಹೊತ್ತು ಬಳಸಲಿ ಅಂತ ಕಟ್ಟಿದ್ದು.

ಗುಂಡಿಯ ಲೆಕ್ಕವನ್ನಂತೂ ಯಾರೂ ಮಾಡುವುದೇ ಇಲ್ಲ. ಒಬ್ಬರಿಗೆ ಮಲ, ಮೂತ್ರ, ತೊಳೆದ ನೀರು ಎಲ್ಲ ಸೇರಿ ದಿನಕ್ಕೆ 4 ಲೀಟರ್ ಅಂತ ಕಡಿಮೆಯೇ ಹಿಡಿಯಿರಿ. ಒಂದು ಶೌಚಾಲಯವನ್ನು 50 ಜನ ಬಳಸಿದರೆ ದಿನಕ್ಕೆ 200 ಲೀಟರ್ ಆಯಿತು. ಬೇರೆ ದಿನಗಳಲ್ಲಿ ನೀರು ನೆಲಕ್ಕೆ ಇಂಗುತ್ತದೆ. ನೆರೆ ಬಂದಾಗ, ಅದೂ ಎರೆ ಭೂಮಿಯಲ್ಲಿ, ಎಲ್ಲಿ ಇಂಗಬೇಕು? 2,000 ಲೀಟರ್ ಗುಂಡಿ ಹತ್ತೇ ದಿನಕ್ಕೆ ತುಂಬಿತು. ಆಮೇಲೆ ಅದು ಉಕ್ಕಿ ಬರುವುದು ಅಂಗಳಕ್ಕೆ, ಅಂಗಳದಿಂದ ಬೋರ್‌ವೆಲ್ ಬುಡಕ್ಕೆ. ಮೂಲೆಗೆ ಬ್ಲೀಚಿಂಗ್ ಪೌಡರ್ ಚೆಲ್ಲಿ ಫೋಟೋ ತೆಗೆದರೆ ಇದು ಸರಿ ಹೋಗುವುದಿಲ್ಲ.

ಇದೇ ಕಥೆ ಇನ್ನೂ ದೊಡ್ಡದಾಗಿ ನಡೆದಿದ್ದು ಬಾಂಗ್ಲಾದೇಶದ ಕಾಕ್ಸ್ ಬಜಾರ್‌ನಲ್ಲಿ. 2017ರ ಆಗಸ್ಟ್ 25ರ ನಂತರ ಕೆಲವೇ ತಿಂಗಳಲ್ಲಿ 7 ಲಕ್ಷಕ್ಕೂ ಜಾಸ್ತಿ ರೋಹಿಂಗ್ಯಾ ಜನ ಮ್ಯಾನ್ಮಾರ್‌ನಿಂದ ಗಡಿ ದಾಟಿ ಬಂದರು. ಸಾವಿರಾರು ಶೌಚಾಲಯಗಳನ್ನು ಅವಸರದಲ್ಲಿ ಎಬ್ಬಿಸಿದರು. ಗುಂಡಿ ಆಳ ಇಲ್ಲ, ಪಕ್ಕದಲ್ಲೇ ಕೈಪಂಪು. ಬೇಗ ಬೇಗ ತುಂಬಿದವು. ಗುಡ್ಡದ ಇಳಿಜಾರು, ಒತ್ತೊತ್ತಾದ ಗುಡಿಸಲು, ಹೀರುವ ಗಾಡಿ ಹತ್ತಿರ ಬರಲು ದಾರಿಯೇ ಇಲ್ಲ. ಮುಂದೆ ಅಲ್ಲಿ ಕಲಿತ ಪಾಠ ದೊಡ್ಡದು: ಕಟ್ಟುವ ದಿನವೇ ಖಾಲಿ ಮಾಡುವ ದಾರಿಯನ್ನೂ ಯೋಚಿಸಬೇಕು. ಆಕ್ಸ್‌ಫ್ಯಾಮ್ ಅನ್ನುವ ನೆರವು ಸಂಸ್ಥೆ ಅಲ್ಲಿ ಒಂದೂವರೆ ಲಕ್ಷ ಜನರ ಮಲವನ್ನು ಸಂಸ್ಕರಿಸುವ ಘಟಕವನ್ನೇ ಕಟ್ಟಿತು. ಖಾಲಿ ಮಾಡಿದ್ದು ಎಲ್ಲಿಗೆ ಹೋಗುತ್ತದೆ ಅಂತ ನೋಡದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಹೈಟಿ ಇದೆ. 2010ರಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಶಿಬಿರದಿಂದ ಹೊಲಸು ನೀರು ಹೊಳೆ ಸೇರಿ ಕಾಲರಾ ಹರಡಿತು. ಸುಮಾರು 10,000 ಜನ ಸತ್ತರು. ಸಹಾಯಕ್ಕೆ ಅಂತ ಬಂದವರ ಶೌಚಾಲಯ ಅದು! ವಿಶ್ವಸಂಸ್ಥೆಯ ಮುಖ್ಯಸ್ಥರು ಕ್ಷಮೆ ಕೇಳಿದ್ದು 2016ರಲ್ಲಿ.

ಈಗ ನನಗೆ ಹೆಚ್ಚು ಸಿಟ್ಟು ಬರುವ ವಿಷಯ. ನಮ್ಮಲ್ಲಿ ತೊಳೆಯುವವರು ಯಾರು ಅಂತ ಯಾರೂ ಕೇಳದೇ ಇರುವುದಕ್ಕೆ ಕಾರಣ, ಉತ್ತರ ಎಲ್ಲರಿಗೂ ಗೊತ್ತಿದೆ ಅನ್ನುವ ಧೈರ್ಯ. ಪೌರಕಾರ್ಮಿಕರಿಗೆ ಫೋನ್ ಹೋಗುತ್ತದೆ. ಅವರ ಮನೆಗೂ ನೀರು ನುಗ್ಗಿರುತ್ತದೆ, ಅವರ ಹೆಂಡತಿ ಮಕ್ಕಳೂ ಯಾವುದೋ ಕೇಂದ್ರದಲ್ಲಿ ಇರುತ್ತಾರೆ. ನಾನಿದ್ದ ಕೇಂದ್ರಕ್ಕೆ ಬಂದವರ ಕೈಯಲ್ಲಿ ಗ್ಲೌಸ್ ಇರಲಿಲ್ಲ, ಕಾಲಲ್ಲಿ ಹವಾಯಿ ಚಪ್ಪಲಿ. 2013ರ ಕಾನೂನು ಮಲ ಹೊರುವ ಕೆಲಸವನ್ನು ನಿಷೇಧಿಸಿದೆ. ನೆರೆ ಬಂದ ಕೂಡಲೇ ಆ ಕಾನೂನಿಗೆ ರಜೆ ಕೊಡುತ್ತಾರೆ ಅಂತ ಕಾಣುತ್ತದೆ. ಯಾರನ್ನೂ ಗುಂಡಿಗೆ ಇಳಿಸಬಾರದು. ಶೌಚಾಲಯ ತೊಳೆಯುವವರಿಗೆ ಗ್ಲೌಸ್, ಗಮ್‌ಬೂಟು, ಸೋಪು, ಅವತ್ತಿನ ಕೂಲಿ ಅವತ್ತೇ ಕೈಗೆ. ಆ ಕೆಲಸ ಒಂದೇ ಜಾತಿಯವರ ತಲೆಗೆ ಕಟ್ಟುವುದೂ ನಿಲ್ಲಬೇಕು. ಕೇಂದ್ರದಲ್ಲಿ ಇರುವವರಲ್ಲೇ ಒಪ್ಪುವವರಿಗೆ, ಯಾವ ಜಾತಿಯವರೇ ಆಗಲಿ, ಒಳ್ಳೆಯ ಕೂಲಿ ಕೊಟ್ಟರೆ ಮಾಡುವವರು ಸಿಗುತ್ತಾರೆ.

ಇನ್ನೊಂದು ಸುಲಭದ ದಾರಿ ಇದೆ. ನಾಲ್ಕೈದು ಮನೆಯವರಿಗೆ ಒಂದು ಶೌಚಾಲಯ ಗೊತ್ತು ಮಾಡಿ, ಬೀಗ ಹಾಕಿ, ಕೀಲಿಯನ್ನು ಅವರ ಕೈಗೇ ಕೊಡುವುದು. ಎಲ್ಲರದ್ದೂ ಅಂದರೆ ಯಾರದ್ದೂ ಅಲ್ಲ, ಅಲ್ವಾ. ತಮ್ಮದು ಅಂತಾದರೆ ಜನ ತಾವೇ ಪಾಳಿ ಹಾಕಿಕೊಂಡು ತೊಳೆಯುತ್ತಾರೆ. ಜಾಸ್ತಿ ದಿನ ಇರುವ ಶಿಬಿರಗಳಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಒಂದು ರಾತ್ರಿಗೆ ಬಂದು ಹೋಗುವ ಕಡೆ ಮಾತ್ರ ಕೂಲಿಯವರೇ ಬೇಕು.

ಈ ಸಲ ಎಲ್ಲಾದರೂ ನೆರೆ ಬಂದರೆ, ನೆರವು ಕಳಿಸುವ ಗೆಳೆಯರಲ್ಲಿ ಒಂದು ವಿನಂತಿ. ಹಳೇ ಬಟ್ಟೆ ಕಳಿಸುವುದು ಸಾಕು ಮಾಡಿ. ಮೊದಲು ಆ ಕೇಂದ್ರಕ್ಕೆ ಫೋನ್ ಮಾಡಿ, ಗುಂಡಿ ಹೀರುವ ಗಾಡಿಯ ಒಂದು ಟ್ರಿಪ್‌ಗೆ ಎಷ್ಟು ಅಂತ ಕೇಳಿ ಆ ದುಡ್ಡು ಕಳಿಸಿ. ಜೊತೆಗೆ ಬಕೆಟ್, ಮಗ್, ಚಿಲಕ, ಚಾರ್ಜ್ ಆಗುವ ಬಲ್ಬ್, ಪ್ಯಾಡ್, ಪ್ಯಾಡ್ ಹಾಕಲು ಮುಚ್ಚಳ ಇರುವ ಡಬ್ಬಿ. ತೊಳೆಯುವವರ ಒಂದು ವಾರದ ಕೂಲಿಯನ್ನೂ ಸೇರಿಸಿ ಕಳಿಸಿದರೆ ಇನ್ನೂ ಒಳ್ಳೆಯದು.