ಶಾಲಾ ಸಂಸತ್ತಿನ ಚುನಾವಣೆಯಿಂದ ಮಕ್ಕಳು ಸರ್ಕಾರವನ್ನು ಕಲಿಯುತ್ತಾರಾ? ಪರ – ವಿರೋಧ

ಪರ: ಗೆರೆ ಮೇಲೆ ಬಿದ್ದ ಮುದ್ರೆ

ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಶಾಲೆ ಶುರುವಾಗಿ ಒಂದು ತಿಂಗಳಾದ ಮೇಲೆ ನಮ್ಮಲ್ಲಿ ಶಾಲಾ ಸಂಸತ್ತಿನ ಚುನಾವಣೆ ಮಾಡುತ್ತೇವೆ. ಬಿಸ್ಕತ್ತಿನ ರಟ್ಟಿನ ಡಬ್ಬಿಯೇ ಮತಪೆಟ್ಟಿಗೆ. ಈಗ ತುಂಬ ಶಾಲೆಗಳಲ್ಲಿ ಮೊಬೈಲ್ ಆ್ಯಪ್ ಹಾಕಿ ಮತಯಂತ್ರದ ಥರ ಒತ್ತಿಸುತ್ತಾರೆ, ಬೀಪ್ ಅನ್ನುತ್ತದೆ, ಮಕ್ಕಳಿಗೂ ಖುಷಿ. ನಾನು ಮಾತ್ರ ಚೀಟಿ ಬಿಟ್ಟಿಲ್ಲ. ಯಾಕೆ ಅಂತ ಹೇಳುತ್ತೇನೆ.

ಈ ಸಲ ಎಣಿಕೆ ನಡೆಯುವಾಗ ಒಂದು ಚೀಟಿ ಬಂತು. ಮುದ್ರೆ ಪೆನ್ನಿನ ಗುರುತಿಗೂ ಗಂಟೆಯ ಗುರುತಿಗೂ ಮಧ್ಯದ ಗೆರೆ ಮೇಲೆ ಬಿದ್ದಿತ್ತು. ಗಂಟೆಗೆ 61, ಪೆನ್ನಿಗೆ 60. ಪೆನ್ನಿನ ಹುಡುಗಿಯ ಏಜೆಂಟು, "ನೋಡಿ ಸಾರ್, ಜಾಸ್ತಿ ಭಾಗ ನಮ್ಮ ಕಡೆ ಇದೆ" ಎಂದ. ಗಂಟೆಯ ಕಡೆಯವರು ಕೂಗಾಡಿದರು. ಎಲ್ಲರೂ ನನ್ನ ಮುಖ ನೋಡಿದರು. ನಾನು ಸುಮ್ನೆ ಇದ್ದೆ. ಆವತ್ತು ಚುನಾವಣಾಧಿಕಾರಿ ಒಂಬತ್ತನೇ ತರಗತಿಯ ಹುಡುಗ. ಪೆನ್ನಿನ ಹುಡುಗಿಗೆ ಚಿಕ್ಕಪ್ಪನ ಮಗ ಬೇರೆ. ಅವನು ಎದ್ದು ಹೋಗಿ, ಹಿಂದಿನ ದಿನ ಎಲ್ಲರೂ ಒಪ್ಪಿ ಬರೆದಿದ್ದ ನಿಯಮದ ಹಾಳೆ ತಂದ. "ಯಾರಿಗೆ ಹಾಕಿದ್ದು ಅಂತ ಸ್ಪಷ್ಟವಾಗದಿದ್ದರೆ ಮತ ತಿರಸ್ಕೃತ" ಎಂದು ಜೋರಾಗಿ ಓದಿದ. ಚೀಟಿ ಹಿಂದೆ "ತಿ" ಎಂದು ಬರೆದು ಪಕ್ಕಕ್ಕಿಟ್ಟ. ಅವಳು ಮರು ಎಣಿಕೆ ಕೇಳಿದಳು. ಮತ್ತೆ ಎಣಿಸಿದರು. ಅದೇ ಲೆಕ್ಕ. ಕಣ್ಣು ಒರೆಸಿಕೊಂಡು ಫಲಿತಾಂಶದ ಹಾಳೆಗೆ ಸಹಿ ಹಾಕಿದಳು.

ಇದನ್ನು ನಾನು ಯಾವ ಪಾಠದಲ್ಲಿ ಕಲಿಸಲಿ? ನಿಯಮ ನಮ್ಮವರಿಗೂ ಒಂದೇ, ಬೇರೆಯವರಿಗೂ ಒಂದೇ ಅನ್ನುವುದನ್ನು ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ ಮಾಡಬಹುದು. ಆದರೆ ಆ ಹುಡುಗನ ಎದೆ ಹೊಡೆದುಕೊಂಡಿದ್ದು ಪುಸ್ತಕದಿಂದ ಬರುವುದಿಲ್ಲ.

ಇನ್ನೊಬ್ಬ ಹುಡುಗ ಮತ ಹಾಕುವ ಮೊದಲು ನನ್ನ ಕಿವಿಯಲ್ಲಿ ಕೇಳಿದ: "ನಾನು ಯಾರಿಗೆ ಹಾಕಿದೆ ಅಂತ ಗೊತ್ತಾಗಲ್ಲ ಅಲ್ವಾ ಸಾರ್?" ಅವನ ಗೆಳೆಯರೆಲ್ಲ ಒಂದು ಕಡೆ. ಅವನ ಮನಸ್ಸು ಇನ್ನೊಂದು ಕಡೆ. ಗುಟ್ಟಿನ ಮತದಾನ ಯಾಕೆ ಬೇಕು ಅನ್ನುವುದು ಅವನಿಗೆ ಆವತ್ತು ಅರ್ಥವಾಯಿತು.

ಮತದಾನದ ದಿನ ನಾನು ಮಕ್ಕಳಿಗೆ ತಪ್ಪದೆ ಒಂದು ಕಥೆ ಹೇಳುತ್ತೇನೆ. 1951–52ರಲ್ಲಿ ದೇಶದ ಮೊದಲ ಮಹಾ ಚುನಾವಣೆ. ಆಗ ಪಟ್ಟಿ ಮಾಡಲು ಮನೆಗೆ ಹೋದರೆ ಎಷ್ಟೋ ಹೆಂಗಸರು ತಮ್ಮ ಹೆಸರೇ ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ಮಗಳು ಅಂತಲೇ ಬರೆಸಿದರು. ಹೆಸರಿಲ್ಲದೆ ಮತವಿಲ್ಲ ಎಂದು ದೇಶದ ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರ ಆಯೋಗ ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದ ಕೈಬಿಟ್ಟಿತು. ಇದನ್ನು ಕೇಳಿದ ಹೆಣ್ಣುಮಕ್ಕಳು ನಾಮಪತ್ರದಲ್ಲಿ ತಮ್ಮ ಹೆಸರನ್ನು ಎಷ್ಟು ದುಂಡಗೆ ಬರೆಯುತ್ತಾರೆ, ನೋಡಬೇಕು. ಬೆರಳಿಗೆ ಹಚ್ಚುವ ಶಾಯಿ ನಮ್ಮ ಮೈಸೂರಿನಲ್ಲೇ ತಯಾರಾಗುತ್ತದೆ, 1962ರ ಚುನಾವಣೆಯಿಂದ ದೇಶಕ್ಕೆಲ್ಲ ಅಲ್ಲಿಂದಲೇ ಹೋಗುತ್ತದೆ ಅಂದರೆ ಎಲ್ಲರೂ ಎಡಗೈ ತೋರುಬೆರಳು ನೋಡಿಕೊಳ್ಳುತ್ತಾರೆ. ನಾವು ಹಚ್ಚುವುದು ಬರೀ ಮಾರ್ಕರ್ ಪೆನ್ನಿನ ಗುರುತು, ಸಂಜೆಗೆ ಹೋಗುತ್ತದೆ. ಆದರೂ ಸರಿ.

ನಮ್ಮ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಂತು ಮೂವತ್ತು ವರ್ಷಕ್ಕೂ ಜಾಸ್ತಿ ಆಯಿತು. 1989ರಿಂದ ಹದಿನೆಂಟಕ್ಕೇ ಮತದ ಹಕ್ಕಿದೆ. ಈಗಂತೂ ಹದಿನೇಳು ತುಂಬಿದವರು ನಮೂನೆ 6 ತುಂಬಿ ಮುಂಚಿತವಾಗಿಯೇ ಅರ್ಜಿ ಹಾಕಬಹುದು. ಎಸ್‌ಎಸ್‌ಎಲ್‌ಸಿ ಮುಗಿಸಿ ಹೊರಟ ಮಗುವಿಗೆ ಮತಗಟ್ಟೆ ಬರೀ ಎರಡು ಮೂರು ವರ್ಷ ದೂರ. ನಡುವೆ ಅಭ್ಯಾಸಕ್ಕೆ ಬೇರೆ ಜಾಗವೇ ಇಲ್ಲ. ಇರುವ ಒಂದನ್ನೂ ಆಟ ಅಂತ ತಳ್ಳಿಬಿಟ್ಟರೆ ಹೇಗೆ?

ವಿರೋಧ: ಮಂತ್ರಿಗಳಿದ್ದಾರೆ, ಸರ್ಕಾರ ಎಲ್ಲಿ?

ನಾನು ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಮೇಲ್ವಿಚಾರಕಿ. ಸಂಜೆ ನಾಲ್ಕೂವರೆಗೆ ಶಾಲೆ ಬಿಟ್ಟರೆ ಮಕ್ಕಳು ನಮ್ಮ ಗ್ರಂಥಾಲಯಕ್ಕೆ ಬರುತ್ತಾರೆ. ಮೇಷ್ಟ್ರು ಹೇಳಿದ ಗೆರೆ ಮೇಲಿನ ಚೀಟಿಯ ವಿಷಯ ಓದಿ ನನಗೂ ಮನಸ್ಸು ತುಂಬಿತು. ಎಣಿಕೆವರೆಗೆ ಅವರು ಹೇಳಿದ್ದೆಲ್ಲ ಸರಿ. ನನ್ನ ತಕರಾರು ಎಣಿಕೆ ಮುಗಿದ ಮೇಲಿನದು.

ಮಾರನೇ ದಿನ ಏನಾಗುತ್ತದೆ? ಗೆದ್ದವರು ಪ್ರಮಾಣವಚನ ತೆಗೆದುಕೊಳ್ಳುತ್ತಾರೆ. ಆರೋಗ್ಯ ಮಂತ್ರಿ ಉಗುರು ನೋಡುತ್ತಾನೆ. ಸ್ವಚ್ಛತಾ ಮಂತ್ರಿ ಪೊರಕೆ ಹಿಡಿಯುತ್ತಾಳೆ. ಆಹಾರ ಮಂತ್ರಿ ಬಿಸಿಯೂಟದ ಸಾಲು ನಿಲ್ಲಿಸುತ್ತಾನೆ. ನೀರಾವರಿ ಮಂತ್ರಿ ಗಿಡಕ್ಕೆ ನೀರು ಹಾಕುತ್ತಾನೆ. ಒಳ್ಳೆಯ ಕೆಲಸಗಳೇ. ಆದರೆ ಇವನ್ನೆಲ್ಲ ಹಿಂದೆ ಮಾನಿಟರ್ ಮಾಡುತ್ತಿದ್ದ. ಒಂದು ರೂಪಾಯಿ ಖರ್ಚು ಮಾಡುವ ಅಧಿಕಾರ ಈ ಮಂತ್ರಿಗಳಿಗಿಲ್ಲ. ಅವರನ್ನು ಪ್ರಶ್ನೆ ಕೇಳುವವರೂ ಇಲ್ಲ. ಮೇಲಿನಿಂದ ಹೇಳಿದ್ದನ್ನು ಕೆಳಗಿನವರ ಕೈಲಿ ಮಾಡಿಸುವುದೇ ಸರ್ಕಾರ ಅಂತ ಮಕ್ಕಳು ತಿಳಿದುಕೊಂಡರೆ ತಪ್ಪು ಅವರದಾ?

ಇನ್ನೊಂದು ವಿಷಯ ನನಗೆ ತುಂಬ ಕಾಡುತ್ತದೆ. ಶಾಲೆಯಲ್ಲಿ ಜಾಸ್ತಿ ಮತ ಬಂದವರೇ ಪ್ರಧಾನಮಂತ್ರಿ. ನಮ್ಮ ದೇಶದಲ್ಲಿ ಹಾಗಿಲ್ಲವಲ್ಲ! ನಾವು ಆರಿಸುವುದು ನಮ್ಮ ಕ್ಷೇತ್ರದ ಸಂಸದರನ್ನು. ಲೋಕಸಭೆಯ 543 ಸದಸ್ಯರಲ್ಲಿ 272 ಮಂದಿಯ ಬೆಂಬಲ ಯಾರಿಗಿದೆಯೋ ಅವರು ಪ್ರಧಾನಿ. ಆ ಬೆಂಬಲ ಹೋದರೆ ಕುರ್ಚಿಯೂ ಹೋಗುತ್ತದೆ. ಗ್ರಾಮ ಪಂಚಾಯಿತಿಯಲ್ಲೂ ಅಷ್ಟೆ, ನಾವು ಸದಸ್ಯರನ್ನು ಆರಿಸುತ್ತೇವೆ, ಅಧ್ಯಕ್ಷರನ್ನು ಸದಸ್ಯರು ಆರಿಸುತ್ತಾರೆ. ಗೆದ್ದವರು ಸದನಕ್ಕೆ ದಿನವೂ ಉತ್ತರ ಕೊಡಬೇಕು ಅನ್ನುವುದೇ ನಮ್ಮ ಪದ್ಧತಿಯ ಜೀವ. ಶಾಲೆಯ ಆಟದಲ್ಲಿ ಅದೇ ಬಿಟ್ಟುಹೋಗಿದೆ. ದೆಹಲಿಯ ಶಾಲೆಗಳಲ್ಲಿ 1966–67ರಲ್ಲಿ ಶುರುವಾದ ಯುವ ಸಂಸತ್ ಸ್ಪರ್ಧೆಯಲ್ಲಿ ಪ್ರಶ್ನೋತ್ತರ ಕಲಾಪವೇನೋ ಇದೆ. ಆದರೆ ನಾನು ನೋಡಿದ ಕಡೆಯೆಲ್ಲ ಮಕ್ಕಳು ಬಾಯಿಪಾಠ ಮಾಡಿ ಬಂದಿದ್ದರು. ಕೇಳುವವರಿಗೂ ಉತ್ತರ ಮೊದಲೇ ಗೊತ್ತು.

ಹಾಗಾದರೆ ಎಲ್ಲಿ ಕಲಿಯಬೇಕು? ನಮ್ಮ ರಾಜ್ಯದಲ್ಲಿ ಅದಕ್ಕೆ ಜಾಗ ಇದೆ. ಮಕ್ಕಳ ಗ್ರಾಮಸಭೆ. 1990ರ ದಶಕದಲ್ಲೇ ಕುಂದಾಪುರದ ಕಡೆ ದುಡಿಯುವ ಮಕ್ಕಳ ಭೀಮ ಸಂಘದ ಹುಡುಗ ಹುಡುಗಿಯರು ಮಕ್ಕಳ ಪಂಚಾಯಿತಿ ಕಟ್ಟಿ ತಮ್ಮೂರಿನ ತೊಂದರೆಗಳನ್ನು ದೊಡ್ಡವರ ಮುಂದೆ ಇಟ್ಟಿದ್ದರು. ಆಮೇಲೆ ರಾಜ್ಯದ ಎಲ್ಲ ಗ್ರಾಮ ಪಂಚಾಯಿತಿಗಳೂ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಸರ್ಕಾರವೇ ಹೇಳಿತು. ಎಷ್ಟೋ ಕಡೆ ಹಾಡು, ಭಾಷಣ, ಬಾಳೆಹಣ್ಣು, ಬಿಸ್ಕತ್ತಿಗೆ ಮುಗಿದುಹೋಗುತ್ತದೆ, ಅದು ನಿಜ. ಆದರೂ ಒಂದು ಸಭೆ ನಾನು ಕಣ್ಣಾರೆ ನೋಡಿದ್ದೇನೆ.

ಏಳನೇ ತರಗತಿಯ ಹುಡುಗಿ ಎದ್ದು ನಿಂತಳು. "ಹುಡುಗಿಯರ ಶೌಚಾಲಯದ ನಲ್ಲಿಯಲ್ಲಿ ನೀರು ಬರಲ್ಲ ಸಾರ್" ಎಂದಳು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ, "ಆಯ್ತಮ್ಮ, ನೋಡೋಣ" ಎಂದರು. ಅವಳು ಕೂರಲಿಲ್ಲ. "ಹೋದ ವರ್ಷವೂ ಕೇಳಿದ್ದೆ ಸಾರ್. ಆಗಲೂ ಹಿಂಗೇ ಅಂದ್ರಿ. ನಡಾವಳಿಯಲ್ಲಿ ಬರೆದಿದ್ದೀರಾ?" ಸಭೆಯಲ್ಲಿ ಒಂದು ಸದ್ದಿಲ್ಲ. ಕಾರ್ಯದರ್ಶಿ ಪುಸ್ತಕ ತಂದರು. ಹಿಂದಿನ ವರ್ಷದ ಪುಟ ತಿರುವಿದರು. "ಮಕ್ಕಳು ಹಲವು ಸಮಸ್ಯೆಗಳನ್ನು ಹೇಳಿದರು" ಎಂದು ಒಂದೇ ಸಾಲು. ನಲ್ಲಿಯ ಸುದ್ದಿಯೇ ಇಲ್ಲ. ಪಿಡಿಒ ಮುಖ ಸಪ್ಪಗಾಯಿತು. ಒಳ್ಳೆಯವರು ಅವರು, ಅಲ್ಲೇ ಅವಳ ಹೆಸರು ಹಾಕಿ ಬರೆಸಿದರು. ಓದಿ ಹೇಳಿಸಿದರು.

ಆವತ್ತಿನಿಂದ ಆ ಹುಡುಗಿ ಮತ್ತು ಅವಳ ಜೊತೆಯವರು ನನ್ನ ಗ್ರಂಥಾಲಯದಲ್ಲಿ ಕೂತು ಆ ನಲ್ಲಿಯ ಬೆನ್ನು ಹತ್ತಿದರು. ನೀರು ಯಾಕೆ ಬರುತ್ತಿಲ್ಲ? ಪೈಪು ಹಾಕಿದ್ದು ಯಾರು? ಮನೆಮನೆಗೆ ಗಂಗೆ ಕಾಮಗಾರಿಯಲ್ಲಿ. ನಾವು ಮನೆಮನೆಗೆ ಗಂಗೆ ಅನ್ನುವುದು ದೆಹಲಿಯ ಲೆಕ್ಕದಲ್ಲಿ ಜಲ ಜೀವನ್ ಮಿಷನ್. 2019ರಲ್ಲಿ ಶುರುವಾಯಿತು. ದುಡ್ಡು ಅರ್ಧ ಕೇಂದ್ರದ್ದು, ಅರ್ಧ ರಾಜ್ಯದ್ದು. ನೀರು ಬಿಡುವವರು ಪಂಚಾಯಿತಿಯ ವಾಟರ್‌ಮ್ಯಾನ್. ಅವರ ಸಂಬಳ, ರಿಪೇರಿ ಖರ್ಚು ಎಲ್ಲಿಂದ? ಒಂದಿಷ್ಟು ನಮ್ಮ ಮನೆ ಕಂದಾಯ, ನೀರಿನ ಕರದಿಂದ. "ನಮ್ಮಪ್ಪ ಕಟ್ಟೋದಾ?" ಎಂದು ಒಬ್ಬ ಕೇಳಿದ. ಹೌದಪ್ಪ ಎಂದೆ. ಮನೆಗೆ ಹೋಗಿ ರಸೀದಿ ಹುಡುಕಿ ತಂದ. ಎರಡು ವರ್ಷದ ಬಾಕಿ ಇತ್ತು! ಅಪ್ಪನ ಜೊತೆ ಜಗಳ ಮಾಡಿದನಂತೆ. ಕೇಂದ್ರ, ರಾಜ್ಯ, ಪಂಚಾಯಿತಿ ಅಂತ ಮೂರು ಹಂತದ ಸರ್ಕಾರವನ್ನು ಆ ಮಕ್ಕಳು ಒಂದು ನಲ್ಲಿ ಹಿಡಿದುಕೊಂಡೇ ಕಲಿತರು. ನಾನು ಪಾಠ ಮಾಡಲಿಲ್ಲ, ಕೇಳಿದ ಪುಸ್ತಕ, ಕಾಗದ ತೆಗೆದುಕೊಟ್ಟೆ ಅಷ್ಟೆ.

ಮೇಷ್ಟ್ರು ಮತಗಟ್ಟೆ ಎರಡು ಮೂರು ವರ್ಷ ದೂರ ಅಂದರು. ಮತ ಐದು ವರ್ಷಕ್ಕೊಮ್ಮೆ. ಕಚೇರಿಯ ಬಾಗಿಲು ವರ್ಷವಿಡೀ ಇರುತ್ತದೆ. ಅಲ್ಲಿಗೆ ಹೋಗಿ ಎದೆ ಢವಢವ ಅನ್ನದೆ ಅರ್ಜಿ ಕೊಡುವುದು, ಸ್ವೀಕೃತಿ ಕೇಳಿ ಪಡೆಯುವುದು, ಒಂದು ತಿಂಗಳ ಮೇಲೆ ಮತ್ತೆ ಹೋಗಿ ವಿಚಾರಿಸುವುದು, ಇದನ್ನು ನಮ್ಮಲ್ಲಿ ಡಿಗ್ರಿ ಮುಗಿಸಿದವರೂ ಮಾಡುವುದಿಲ್ಲ. ಪರಿಚಯದವರನ್ನು ಹುಡುಕುತ್ತಾರೆ. ಶಾಲೆಗಳು ಚುನಾವಣೆಗೆ ಕೊಡುವ ಎರಡು ದಿನದಲ್ಲಿ ಒಂದು ದಿನವನ್ನಾದರೂ ಈ ಕೆಲಸಕ್ಕೆ ಕೊಡಲಿ. ಇಲ್ಲದಿದ್ದರೆ ಶಾಲಾ ಸಂಸತ್ತಿಗೆ ವರ್ಷಕ್ಕೆ ಎರಡು ಸಾವಿರ ರೂಪಾಯಿಯಾದರೂ ಕೊಟ್ಟು, ಯಾವುದಕ್ಕೆ ಖರ್ಚು ಮಾಡಬೇಕು ಅಂತ ಮಕ್ಕಳೇ ಜಗಳವಾಡಿ ತೀರ್ಮಾನಿಸಲಿ, ಲೆಕ್ಕ ಗೋಡೆಗೆ ಅಂಟಿಸಲಿ. ಆಗ ನಾನೂ ಮೇಷ್ಟ್ರ ಪಕ್ಷ.

ನಲ್ಲಿಗೆ ನೀರು ಬರುವ ಹೊತ್ತಿಗೆ ಮಾರ್ಚ್ ಆಗಿತ್ತು, ಪರೀಕ್ಷೆ ಹತ್ತಿರ. ಹುಡುಗಿ ಬಂದು ಹೇಳಿದಳು. ಹೇಳಿ, "ಮುಂದಿನ ಸಭೆ ಯಾವಾಗ ಅಕ್ಕ? ಬಾಗಿಲಿಗೆ ಚಿಲಕ ಇಲ್ಲ" ಎಂದಳು.